ಕುಡಿ ಚಿವುಟುವ ಹುಳು

ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿ, ಈ ಕೆಲಸದಲ್ಲಿ ಮೊದಲು ಏನು ಕಲಿಯಬೇಕು ಮೇಡಂ ಎಂದು ಕೇಳಿದಳು. ಬಾಟಲಿ ತೊಳೆಯುವುದನ್ನು ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ನಾನು ಇಡೀ ನೌಕರಿಯಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಇಂಥದ್ದೇ ಒಂದು ಡಬ್ಬದೊಳಗೆ ನಡೆದದ್ದು. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ, ಊಟವಾದ ಮೇಲೆ ಓದು ಎಂದೆ. ಇದು ಅವಳಿಗೆ ಬರೆದದ್ದು. ಬೇರೆಯವರೂ ಓದಿದರೆ ನನ್ನದೇನೂ ಅಡ್ಡಿಯಿಲ್ಲ.

ನನ್ನ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಹೊಲಕ್ಕೆ ಹೋಗಿ ಬೆಳೆ ತಿನ್ನುವ ಹುಳು ಹಿಡಿದು ತರುವುದು, ಅದಕ್ಕೆ ಮೇವು ಹಾಕಿ ಸಾಕುವುದು, ಅದು ರೆಕ್ಕೆ ಬಂದು ಪತಂಗವಾದ ಮೇಲೆ ಕೊಂದು ಸೂಜಿಗೆ ಚುಚ್ಚಿ ಚೀಟಿ ಹಚ್ಚುವುದು. ಸಾಕಿ ಸಲಹಿ ಕೊಲ್ಲುವ ಈ ನೌಕರಿ ಕೇಳಿ ನಮ್ಮತ್ತೆ ಮೊದಲ ಆರು ತಿಂಗಳು ನಾನು ಬಡಿಸಿದ ಅನ್ನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಅವರೇ ಅಕ್ಕಿ ಹಸನು ಮಾಡುವಾಗ ಸಿಕ್ಕ ಹುಳುಗಳನ್ನು ಬಟ್ಟಲಲ್ಲಿಟ್ಟು, 'ನಿನ್ನವು ಇಲ್ಲಿ ಅದಾವ ನೋಡವ್ವಾ' ಎನ್ನತೊಡಗಿದರು.

ನಮ್ಮ ಮನೆ ತೆಲಂಗಾಣದ ಗಡಿ ಊರು ಜಹೀರಾಬಾದಿನಲ್ಲಿ. ನಮ್ಮ ಮನೆಯವರದು ಹೊಲಿಗೆ ಅಂಗಡಿ. ಹುಳು ಸಾಕುವ ಬಾಟಲಿಯ ಬಾಯಿಗೆ ಗಾಳಿಯಾಡುವ ಬಟ್ಟೆ ಕಟ್ಟಬೇಕು. ಸರಕಾರ ಕೊಡುತ್ತಿದ್ದ ಬಟ್ಟೆ ಒಗೆದರೆ ಜರಡಿಯಾಗುತ್ತಿತ್ತು. ಹಾಗಾಗಿ ನನ್ನ ಹುಳುಗಳೆಲ್ಲ ಊರ ಹೆಂಗಸರ ರವಿಕೆಯ ತುಂಡು ಹೊದ್ದುಕೊಂಡೇ ಬೆಳೆದವು. ಒಂದು ಸಲ ಪಕ್ಕದ ಮನೆಯಾಕೆ ನಮ್ಮ ಕಿಟಕಿಯಲ್ಲಿ ತನ್ನ ಮಗಳ ಮದುವೆ ರವಿಕೆಯ ಜರಿ ಅಂಚು ಬಾಟಲಿಯ ತಲೆ ಮೇಲೆ ಕಂಡು ಎರಡು ತಿಂಗಳು ಮಾತು ಬಿಟ್ಟಳು.

ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಹುಳುಗಳಿಗೆ ಬೈಯುವುದಿದ್ದರೆ ಮೂರೂ. ನಾರಾಯಣಖೇಡದಿಂದ ತಾಂಡೂರಿನವರೆಗೆ ಹಳ್ಳಿಗಳಲ್ಲಿ ನನ್ನನ್ನು ಹುಳದಕ್ಕೋರು ಅನ್ನುತ್ತಿದ್ದರು. ಬಸ್ಸಿನಲ್ಲಿ ಬಾಟಲಿಯ ಚೀಲ ಹಿಡಿದು ಹತ್ತಿದರೆ ಜನ ತಾವಾಗಿ ಸೀಟು ಬಿಡುತ್ತಿದ್ದರು. ಗೌರವದಿಂದಲ್ಲ, ಹೆದರಿಕೆಯಿಂದ. ಸೀಟು ಸಿಕ್ಕರೆ ಸಾಕಲ್ಲವೇ, ನಾನೂ ಕಾರಣ ಕೇಳುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಮಧುಸೂದನ ಸಾರ್. ನಮ್ಮ ಕೃಷಿ ಸಂಶೋಧನಾ ಕೇಂದ್ರದ ಕೀಟ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡೇ ಹುಟ್ಟಿದ್ದರೋ ಏನೋ. ಸಣ್ಣ ಪತಂಗಗಳಲ್ಲಿ ಹಲವನ್ನು ರೆಕ್ಕೆ ನೋಡಿ ಗುರುತಿಸಲು ಆಗುವುದಿಲ್ಲ, ಎಲ್ಲ ಒಂದೇ ಕಂದು ಬಣ್ಣ. ಅವುಗಳ ಹೊಟ್ಟೆಯ ತುದಿಯನ್ನು ಮುರಿದು, ಕ್ಷಾರದಲ್ಲಿ ಕುದಿಸಿ, ಸೂಜಿಯಿಂದ ಬಿಡಿಸಿ, ಒಳಗಿನ ಗಂಡು ಹೆಣ್ಣಿನ ಅಂಗಗಳ ಆಕಾರ ನೋಡಿ ಹೆಸರು ಹೇಳಬೇಕು. ಸಾರ್ ಇದನ್ನು ನನಗೆ ಕಲಿಸಲು ನಾಚಿ, ಗೋಡೆಯ ಕಡೆ ಮುಖ ಮಾಡಿ ಪಾಠ ಹೇಳಿದರು. ಕೈಯಲ್ಲಿ ಸೂಜಿ ಹಿಡಿದ ನಾನು, ಅವರ ಬೆನ್ನು ನೋಡುತ್ತ ಇಡೀ ವಿದ್ಯೆ ಕಲಿತೆ.

ಚೀಟಿಯ ವಿಷಯದಲ್ಲಿ ಮಾತ್ರ ಅವರು ಹುಲಿ. ಯಾವ ಬೆಳೆ, ಯಾವ ಊರು, ಯಾವ ದಿನ, ಹಿಡಿದವರು ಯಾರು, ಎಲ್ಲ ಇರಬೇಕು. ಅದನ್ನೇ ದೊಡ್ಡ ರಿಜಿಸ್ಟರಿನಲ್ಲೂ ಬರೆಯಬೇಕು. ರಿಜಿಸ್ಟರಿನ ಕೊನೆಯ ಕಾಲಂ 'ಸ್ಥಳೀಯ ಹೆಸರು'. ಅಲ್ಲಿ ನಾನು ಯಾವಾಗಲೂ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ನನಗಿಂತ ಮೊದಲಿದ್ದವರೂ ಅಡ್ಡಗೆರೆಯನ್ನೇ ಎಳೆದಿದ್ದರು.

ಈಗ ಆ ಹುಳುವಿನ ವಿಷಯ. ಮಳೆಗಾಲದಲ್ಲಿ ತೊಗರಿ ಮೊಣಕಾಲೆತ್ತರ ಬಂದಾಗ ಗಿಡದ ತುದಿಯಲ್ಲಿ ಎಳೆಯ ಎಲೆಗಳು ಒಂದಕ್ಕೊಂದು ಅಂಟಿ ಸುರುಳಿಯಾಗಿ ನಿಂತಿರುತ್ತವೆ. ಬಿಡಿಸಿ ನೋಡಿದರೆ ಒಳಗೆ ರೇಷ್ಮೆಯಂಥ ನೂಲು, ಸ್ವಲ್ಪ ಹಿಕ್ಕೆ, ಮಧ್ಯೆ ಕೆನೆ ಹಳದಿ ಬಣ್ಣದ ಒಂದು ಪುಟ್ಟ ಹುಳು. ಮುಟ್ಟಿದರೆ ಹಿಂದಕ್ಕೆ ಹಿಂದಕ್ಕೆ ಕುಣಿಯುತ್ತದೆ, ಜಾಸ್ತಿ ಕಾಡಿದರೆ ನೂಲು ಬಿಟ್ಟು ಕೆಳಗೆ ಜಾರಿ ನೇತಾಡುತ್ತದೆ. ಮನೆ ಕಟ್ಟಿಕೊಂಡು ಆ ಮನೆಯ ಗೋಡೆಯನ್ನೇ ಉಣ್ಣುವ ಪ್ರಾಣಿ. ಕೋಶವಾಗುವುದೂ ಆ ಸುರುಳಿಯೊಳಗೇ. ಪತಂಗ ಹೊರಬರುವ ಹೊತ್ತಿಗೆ ಕೋಶವೇ ಮಿಸುಕಾಡಿ ಸುರುಳಿಯಿಂದ ಅರ್ಧ ಹೊರಗೆ ತಲೆ ಹಾಕುತ್ತದೆ. ಪತಂಗ ಹಾರಿಹೋದ ಮೇಲೂ ಆ ಖಾಲಿ ಸಿಪ್ಪೆ ಎಲೆಯಿಂದ ಚಾಚಿಕೊಂಡೇ ಇರುತ್ತದೆ. ಈ ಸಿಪ್ಪೆಯನ್ನು ನೆನಪಿಡು ಹುಡುಗಿ, ಮುಂದೆ ಬೇಕಾಗುತ್ತದೆ.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ತಾಂಡೂರು ಕಡೆಯ ಒಂದು ಹಳ್ಳಿಯಿಂದ ದೂರು ಬಂತು. ತೊಗರಿಯ ಕುಡಿಯೆಲ್ಲ ಸುರುಳಿಯಾಗಿದೆ, ಯಾವ ಹುಳು ಹೇಳಿ ಎಂದು. ನಾನು ಹೋಗಿ ಒಂದು ಡಬ್ಬದ ತುಂಬ ಹುಳು ತಂದೆ. ಹೌದು, ಎಲ್ಲವನ್ನೂ ಒಂದೇ ಡಬ್ಬದಲ್ಲಿ. ಮೇವಿಗೆ ದಿನವೂ ತಾಂಡೂರಿಗೆ ಹೋಗಲಾಗದು. ನಮ್ಮ ಕೇಂದ್ರದ ಅಂಗಳದಲ್ಲೇ ಬೇಗ ಹೂ ಬಿಡುವ ತೊಗರಿಯ ಒಂದು ಮಡಿ ಇತ್ತು. ಪಾಪ, ಪರ ಊರಿನಿಂದ ಬಂದ ಕೂಸುಗಳು, ಮೆತ್ತಗಿನದು ತಿನ್ನಲಿ ಎಂದು ಅಲ್ಲಿಯ ಎಳೆ ಮೊಗ್ಗು ಕಿತ್ತು ಕಿತ್ತು ಹಾಕಿದೆ. ಮಕ್ಕಳಿಗೂ ಅಷ್ಟು ಮುತುವರ್ಜಿಯಿಂದ ತಿನ್ನಿಸಿರಲಿಲ್ಲ.

ಹುಳುಗಳಲ್ಲಿ ಬಹಳಷ್ಟು ಸತ್ತವು. ಕೊನೆಗೆ ಡಬ್ಬದಲ್ಲಿ ಮೂರು ಪತಂಗ ಎದ್ದವು. ಕಂದು ರೆಕ್ಕೆ, ಅದರಲ್ಲಿ ಗಾಜಿನಂಥ ಬಿಳಿ ಕಿಟಕಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಮಾರುಕಾ. ಹೂವು ಮೊಗ್ಗು ಕಾಯಿ ಎಲ್ಲ ಬಲೆಯಲ್ಲಿ ಹೆಣೆದು ಒಳಗೇ ತಿಂದು ಮುಗಿಸುವ ಕಾಯಿಕೊರಕ. ಅದು ಕುಡಿಯಲ್ಲೇ ಬಂದಿದೆ ಎಂದರೆ ಹೂವಿನ ಹೊತ್ತಿಗೆ ಗತಿಯೇನು? ತಾಂಡೂರು ತೊಗರಿಯ ಎಲೆಸುರುಳಿ ಹುಳು ಎಂದರೆ ಮಾರುಕಾ ಎಂದು ರಿಜಿಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಸಾರ್ ಅವತ್ತು ರಜೆಯ ಅವಸರದಲ್ಲಿದ್ದರು, ನನ್ನ ಮೇಲೆ ನಂಬಿಕೆಯಿಟ್ಟು ಸಹಿ ಹಾಕಿದರು.

ನಾನೇ ಊರಿಗೆ ಹೋಗಿ ಎಣ್ಣೆ ಹೊಡೆಯಿರಿ ಎಂದು ಹೇಳಿ ಬಂದೆ. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಹೊಡೆದ ಮೇಲೆ ಹೊಲದ ಪಲ್ಯ ಕೀಳಬೇಡಿ ಎಂದೂ ಹೇಳಿದೆ. ತೊಗರಿ ಜೋಳದ ಸಾಲಿನ ನಡುವೆ ಯಾರೂ ಬಿತ್ತದೆ ತಾನಾಗಿ ಹುಟ್ಟುವ ತುಂಬೆ, ಗೋಳಿ, ಹೊನಗೊನೆ ಸೊಪ್ಪುಗಳೇ ಮಳೆಗಾಲವಿಡೀ ಅಲ್ಲಿಯ ಮನೆಗಳ ಪಲ್ಯ. ಹೆಂಗಸರು ಕಳೆ ತೆಗೆಯುತ್ತ ಮಡಿಲಲ್ಲಿ ತುಂಬಿಕೊಳ್ಳುತ್ತಾರೆ. ಆ ಊರಿನ ಭೀಮವ್ವ ಎಂಬಾಕೆ, ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ಮುಖವನ್ನೇ ನೋಡುತ್ತ ಎಲ್ಲ ಕೇಳಿ, ಆಗಲಿ ಎಂದು ತಲೆಯಾಡಿಸಿದಳು. ಮೂರು ವಾರ ಬಿಟ್ಟು ವಿಚಾರಿಸಲು ಹೋದಾಗ, ಹೊಡೆದೆಯಾ ಎಂದರೆ ಹೊಡೆದೆ ಎಂದಳು. ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂರಿಸಿ ರೊಟ್ಟಿ, ಪುಂಡಿ ಸೊಪ್ಪಿನಂತೆ ಹುಳಿಯಿದ್ದ ಗೋಳಿ ಪಲ್ಯ ಬಡಿಸಿದಳು. ಪಲ್ಯ ಎಲ್ಲಿಯದು ಎಂದು ಗದರಿದೆ. ತವರುಮನೆಯಿಂದ ತಂದದ್ದು ಎಂದಳು. ಎರಡು ಸಲ ಹಾಕಿಸಿಕೊಂಡು ಉಂಡೆ.

ಮರುವರ್ಷ ಬೇರೆ ಹುಳುಗಳಿಗೆ ಮೇವು ಹಾಕಲು ಅದೇ ಮಡಿಯಲ್ಲಿ ಮೊಗ್ಗು ಕೀಳುತ್ತಿದ್ದೆ. ಒಂದು ಮೊಗ್ಗು ಕೈಯಲ್ಲೇ ಬಿಚ್ಚಿತು. ಒಳಗೆ ನೂಲಿನಷ್ಟು ಸಣ್ಣ ಹುಳು, ಮೈಮೇಲೆ ಸಾಲು ಸಾಲು ಕಪ್ಪು ಚುಕ್ಕೆ. ಮಾರುಕಾದ ಮರಿ. ಆಗ ಹೊಳೆಯಿತು. ತಾಂಡೂರಿನಿಂದ ತಂದ ಹುಳು ಮಾರುಕಾ ಆಗಿರಲೇ ಇಲ್ಲ. ಮಾರುಕಾವನ್ನು ನಾನೇ ಮೇವಿನ ಜೊತೆ ಡಬ್ಬಕ್ಕೆ ಹಾಕಿದ್ದೆ. ಓಡಿಹೋಗಿ ಹಳೆಯ ಡಬ್ಬ ತೆಗೆದೆ. ಒಣಗಿದ ಸುರುಳಿಗಳು ಇನ್ನೂ ಇದ್ದವು. ಒಂದರಿಂದಲೂ ಸಿಪ್ಪೆ ಹೊರಗೆ ಚಾಚಿರಲಿಲ್ಲ. ಅಂದರೆ ಸುರುಳಿಯಿಂದ ಯಾವ ಪತಂಗವೂ ಎದ್ದಿರಲಿಲ್ಲ. ಸಾಕ್ಷಿ ಒಂದು ವರ್ಷದಿಂದ ಕಪಾಟಿನಲ್ಲೇ ಇತ್ತು, ನಾನು ಕಣ್ಣು ಬಿಟ್ಟು ನೋಡಿರಲಿಲ್ಲ.

ಹೇಳಿದೆನಾ? ಇಲ್ಲ. ಸಾರ್‌ಗೆ ವರ್ಗವಾಗಿತ್ತು. ಹೊಸಬರಿಗೆ ಹೇಳಲು ಭಯ. ಹಳೆಯ ರಿಜಿಸ್ಟರು ಯಾರು ತೆಗೆಯುತ್ತಾರೆ ಎಂದು ಸುಮ್ಮನಾದೆ. ಸುಮ್ಮನಿದ್ದಿದ್ದಕ್ಕೆ ನಾಚಿಕೆಯಾಗುತ್ತದೆ, ಅದನ್ನು ಮುಚ್ಚಿಟ್ಟು ನಿನಗೆ ಬುದ್ಧಿ ಹೇಳಲಾರೆ. ಸರಿಯಾದ ಹುಳುವನ್ನು ಮುಂದೆ ಸಾಕಿ ಗುರುತಿಸಿದೆ, ಕ್ರಿಟಿಕಾ ಎಂದು ಬೇರೆ ಪುಟದಲ್ಲಿ ಬರೆದೆ, ಎಲೆಸುರುಳಿ ಎಂಬ ಮಾತನ್ನು ಮಾತ್ರ ಬಿಟ್ಟು. ನಮ್ಮ ನೆಲದ್ದೇ ಹಳೆಯ ಪತಂಗ, ಕುಳಿತರೆ ತೊಗರಿ ಕಾಳಿಗಿಂತ ಚೂರು ಉದ್ದ. ನನ್ನ ಸೇವೆಯಲ್ಲೇ ಪಂಡಿತರು ಅದರ ಮನೆತನದ ಹೆಸರನ್ನು ಯೂಕೋಸ್ಮಾ ಎಂದರು, ಸೈಡಿಯಾ ಎಂದರು, ಗ್ರಾಫೋಲಿಟಾ ಎಂದರು. ಪ್ರತಿ ಸಲವೂ ಚೀಟಿ ಹರಿದು ಹೊಸದು ಅಂಟಿಸಿದವಳು ನಾನು. ಪತಂಗಕ್ಕೆ ಇದೊಂದೂ ಗೊತ್ತಿಲ್ಲ. ಆದರೆ ಆ ಹಳೆಯ ತಪ್ಪು ಪುಟ ಮಾತ್ರ ಹಾಗೇ ಉಳಿಯಿತು.

ಕಾಲ ಬದಲಾಯಿತು. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಪತಂಗವಿಟ್ಟು ತಜ್ಞರಿಗೆ ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದ ನಾವು, ಫೋನಿನಲ್ಲಿ ಫೋಟೋ ಹೊಡೆದು ಚಹಾ ಆರುವುದರೊಳಗೆ ಹೆಸರು ಕೇಳತೊಡಗಿದೆವು. ತೊಗರಿಯ ಕುಡಿ ಚಿವುಟಿದರೆ ಟೊಂಗೆ ಹೆಚ್ಚು ಒಡೆಯುತ್ತದೆ ಎಂದು ರೈತರಿಗೆ ಹೇಳಿಕೊಡುವ ಶಿಬಿರ ಶುರುವಾಯಿತು. ಅದಕ್ಕೊಂದು ಬ್ಯಾಟರಿ ಯಂತ್ರವೂ ಬಂತು. ಅದನ್ನು ಹಿಡಿದು ಹೊಲದಲ್ಲಿ ನಡೆದರೆ ಊರ ನಾಯಿಗಳೆಲ್ಲ ಹಿಂದೆ ಬರುತ್ತಿದ್ದವು.

ನಿವೃತ್ತಿಗೆ ಎರಡು ತಿಂಗಳಿತ್ತು. ಹೊಸ ಅಧಿಕಾರಿ ಪ್ರವೀಣ್, ನನ್ನ ಮಗನ ವಯಸ್ಸಿನವರು, ಚುರುಕು, ಹಳೆಯ ರಿಜಿಸ್ಟರುಗಳನ್ನೆಲ್ಲ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸಿದ್ದರು. ಒಂದು ದಿನ ನಾರಾಯಣಖೇಡದ ಆಚೆ ಸಿರ್ಗಾಪುರ ಕಡೆಯಿಂದ ಕರೆ ಬಂತು. ತೊಗರಿಯ ಕುಡಿ ಸುರುಳಿಯಾಗಿದೆ. ಇಬ್ಬರೂ ಹೋದೆವು. ಪ್ರವೀಣ್ ಫೋಟೋ ತೆಗೆದರು. ಫೋನು ಅದೂ ಇರಬಹುದು, ಇದೂ ಇರಬಹುದು ಎಂದಿತು. ಅವರು ನಗುತ್ತ, ನಮ್ಮ ಹತ್ತಿರವೇ ದಾಖಲೆ ಇದೆಯಲ್ಲ ಮೇಡಂ ಎಂದು ಪರದೆ ನನ್ನ ಕಡೆ ತಿರುಗಿಸಿದರು. ದಪ್ಪ ಅಕ್ಷರ. ನನ್ನದೇ ಕೈಬರಹ. ಎಲೆಸುರುಳಿ ಹುಳು ಎಂದರೆ ಮಾರುಕಾ.

ಇಡೀ ಊರು ಒಂದೇ ದಿನ ಎಣ್ಣೆ ಹೊಡೆಯಬೇಕು, ಆಟೋಗೆ ಮೈಕು ಕಟ್ಟಿ ಸಾರಿಸೋಣ ಎಂದು ಅವರು ಅಲ್ಲೇ ತೀರ್ಮಾನಿಸಿದರು. ಹೊಲದ ಒಡತಿ ಕಾಶಮ್ಮ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದಳು.

"ಅಕ್ಕೋರ, ಮನ್ಯಾಗ ಮಗಳು ಹಡದಾಳ. ಈ ಹೊಲದ ಪಲ್ಯನೇ ಹಾಕಾಕತ್ತೀನಿ, ಅದಕ್ಕ ಹಾಲು ಬರಾಕತ್ತಾವ. ಎಣ್ಣಿ ಹೊಡದ್ರ ಕೂಸಿನ ಗತಿ ಏನ್ರಿ? ಖರೇನೇ ಹೊಡೀಬೇಕೇನು, ನೀವೊಬ್ರು ಹೇಳ್ರಿ."

ಅಲ್ಲೇ ನಿಜ ಹೇಳಬಹುದಿತ್ತು. ಬದಲಿಗೆ ಪ್ರವೀಣ್ ಕಡೆ ತಿರುಗಿ, ಹದಿನೈದು ದಿನ ಕೊಡಿ ಸಾರ್, ಸಾಕಿ ನೋಡಿ ಹೇಳುತ್ತೇನೆ ಎಂದೆ. ದಾಖಲೆ ಇರುವಾಗ ಸಾಕುವುದೇಕೆ ಎಂದರು. ಆ ದಾಖಲೆ ಬರೆದವಳು ನಾನೇ, ನನಗೇ ಅನುಮಾನವಿದೆ ಎಂದಷ್ಟೇ ಹೇಳಿದೆ. ಹತ್ತು ದಿನ ಕೊಟ್ಟರು. ಹತ್ತನೆಯ ದಿನ ಬೆಳಿಗ್ಗೆ ಪತಂಗ ಕಾಣದಿದ್ದರೆ ಮೈಕು ಹೊರಡುತ್ತದೆ ಎಂದರು.

ಕಾಶಮ್ಮನ ಹೊಲದಿಂದ ಹತ್ತು ಸುರುಳಿ ಮನೆಗೇ ತಂದೆ. ಹತ್ತು ಬಾಟಲಿ, ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದ್ದು, ಒಂದರಲ್ಲಿ ಒಂದೇ ಹುಳು. ಮೇವು ಅದೇ ಹೊಲದ್ದು. ಕಾಶಮ್ಮ ದಿನಾ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಒಂದು ಕಟ್ಟು ಎಲೆ ಕೊಟ್ಟು ಕಳಿಸುತ್ತಿದ್ದಳು. ಒಂದೊಂದು ಎಲೆಯನ್ನೂ ತೊಳೆದು, ಒರೆಸಿ, ಭೂತಗನ್ನಡಿಯಲ್ಲಿ ಎರಡೂ ಮಗ್ಗುಲು ನೋಡಿ ಹಾಕಿದೆ. ನಮ್ಮ ಮನೆಯವರು, ಮದುವೆಯಾದಾಗಿನಿಂದ ನನಗೆ ಇಷ್ಟು ನೋಡಿ ಬಡಿಸಿಲ್ಲ ನೀನು ಎಂದರು. ನೀವು ಪತಂಗ ಆಗುವುದಾದರೆ ನೋಡೋಣ ಎಂದೆ.

ಐದನೆಯ ದಿನಕ್ಕೆ ನಾಲ್ಕು ಬಾಟಲಿಗಳಲ್ಲಿ ಹುಳುವಿನ ಬದಲು ಪುಟ್ಟ ಕಪ್ಪು ಕಣಜಗಳು ಓಡಾಡುತ್ತಿದ್ದವು. ತಾಯಿ ಕಣಜ ಹುಳುವಿನ ಮೈಯಲ್ಲೇ ಮೊಟ್ಟೆಯಿಡುತ್ತದೆ, ಮರಿಗಳು ಒಳಗಿನಿಂದ ಅದನ್ನು ತಿಂದು ಬರುತ್ತವೆ. ಎಣ್ಣೆ ಕಾಣದ ಹೊಲದಲ್ಲಿ ಈ ಹುಳುವಿಗೆ ಲಗಾಮು ಹಾಕುವವರು ಇವರೇ. ಖುಷಿಪಡಬೇಕಾದ ವಿಷಯ, ಆದರೆ ನನಗೆ ಬೇಕಾಗಿದ್ದುದು ಪತಂಗ. ಇನ್ನು ಮೂರು ಹುಳು ಬೂಸರು ಹಿಡಿದು ಸತ್ತವು. ಎರಡು ಉಪವಾಸ ಮಾಡಿ ಸತ್ತವು. ಉಳಿದದ್ದು ಒಂದೇ ಬಾಟಲಿ. ಅದರ ಸುರುಳಿಯೊಳಗೆ ಕೋಶವಿರುವುದು ಬೆಳಕಿಗೆ ಹಿಡಿದರೆ ಮಬ್ಬಾಗಿ ಕಾಣುತ್ತಿತ್ತು. ದೇವರಿಗೆ ಹರಕೆ ಹೊರುವುದೊಂದು ಬಿಟ್ಟು ಎಲ್ಲ ಮಾಡಿದೆ. ಆಮೇಲೆ ಅದನ್ನೂ ಮಾಡಿದೆ.

ಹತ್ತನೆಯ ದಿನ ಬೆಳಿಗ್ಗೆ ಏನೂ ಆಗಿರಲಿಲ್ಲ. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಎಲೆ ತರುತ್ತಿದ್ದ ಅದೇ ಬಸ್ಸಿನಲ್ಲಿ ಕಚೇರಿಗೆ ಹೊರಟೆ. ಕೊಹೀರ್ ಹತ್ತಿರ ಬರುವಾಗ ಬಟ್ಟೆಯ ಕೆಳಗೆ ಏನೋ ಮಿಸುಕಿತು. ಕೋಶ ಸುರುಳಿಯಿಂದ ಅರ್ಧ ಹೊರಗೆ ಬಂದಿತ್ತು. ನೋಡುತ್ತಿದ್ದಂತೆ ಸಿಪ್ಪೆ ಸೀಳಿ, ಒದ್ದೆ ರೆಕ್ಕೆಯ ಕಂದು ಚೂರೊಂದು ಹೊರಗೆ ತೆವಳಿತು. ಕಂಡಕ್ಟರ್ ಬಂದು ಬಗ್ಗಿದ. ಅವನ ಹಿಂದೆ ಅರ್ಧ ಬಸ್ಸು ಬಗ್ಗಿತು. ತಾನು ದಿನಾ ಎಲೆ ಹೊತ್ತು ತಂದದ್ದು ಇಷ್ಟಕ್ಕಾ ಎಂದು ಅವನ ಮುಖ ಬಾಡಿತು. ಬುರ್ಖಾ ಹಾಕಿದ್ದ ಅಜ್ಜಿಯೊಬ್ಬಳು ಮಾತ್ರ, ಮುಬಾರಕ್ ಹೋ ಎಂದಳು. ನನ್ನ ಕಣ್ಣಲ್ಲಿ ನೀರು ಬಂತು.

ಕಚೇರಿಯಲ್ಲಿ ಪ್ರವೀಣ್ ಮುಂದೆ ಬಾಟಲಿ ಇಟ್ಟೆ. ಕಿಟಕಿಯಿಲ್ಲದ ಸಣ್ಣ ಕಂದು ರೆಕ್ಕೆ, ಎಲೆಯಿಂದ ಚಾಚಿದ ಸಿಪ್ಪೆ. ರೆಕ್ಕೆ ಒಣಗಿದ ಮೇಲೆ ಪತಂಗವನ್ನು ಕೊಂದು ತುದಿ ಕುದಿಸಿ ತೋರಿಸಿದೆ. ಕ್ರಿಟಿಕಾ. ಅದನ್ನು ಕೊಲ್ಲುವಾಗ ಅಷ್ಟು ಸಂಕಟ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಹಳೆಯ ಪುಟ, ಮೊಗ್ಗಿನ ಮೇವು, ಮುಚ್ಚಿಟ್ಟ ವರ್ಷಗಳು ಎಲ್ಲ ಹೇಳಿದೆ. ಅವರು ಭೂತಗನ್ನಡಿ ಹಿಡಿದು ಪತಂಗವನ್ನು ಇನ್ನೊಮ್ಮೆ ನೋಡಿದರು. ಕೊನೆಗೆ, ನಿವೃತ್ತಿ ಹತ್ತಿರವಿದೆ, ಈಗ ಬರೆದರೆ ನಿಮ್ಮ ಹೆಸರಿಗೇ ಬರುತ್ತದೆ, ನಾನೇ ಬೇರೆ ರೀತಿ ತಿದ್ದಿಸಲೇ ಎಂದರು. ಬೇಡ ಸಾರ್ ಎಂದೆ. ಹಳೆಯ ರಿಜಿಸ್ಟರು ತರಿಸಿ, ದಪ್ಪ ಅಕ್ಷರದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ಇದು ತಪ್ಪು, ಪತಂಗ ಮೇವಿನ ಜೊತೆ ಬಂದದ್ದು. ಸಹಿ ಹಾಕಿದೆ. ಮೈಕಿನ ಆಟೋ ಹೊರಡಲಿಲ್ಲ. ಕಾಶಮ್ಮನಿಗೆ ನಾನೇ ಫೋನು ಮಾಡಿದೆ. ಅವಳು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಅದು ಜೋರಾಗಿ ಅಳುತ್ತಿತ್ತು, ಒಳ್ಳೆಯ ಹೊಟ್ಟೆ ತುಂಬಿದ ಅಳು.

ಆದರೂ ಒಂದು ಬಾಕಿ ಕೊರೆಯುತ್ತಿತ್ತು. ನಿವೃತ್ತಿಯಾದ ಮರುವಾರವೇ ತಾಂಡೂರಿಗೆ ಹೋಗಿ ಭೀಮವ್ವನ ಮನೆ ಹುಡುಕಿದೆ. ಅದೇ ಕಲ್ಲುಚಪ್ಪಡಿಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ನಿನ್ನ ಹೊಲಕ್ಕೆ ಸುಮ್ಮನೆ ವಿಷ ಹೊಡೆಸಿದೆ, ತಪ್ಪಾಯಿತು ಎಂದೆ. ಅವಳು ಸೊಪ್ಪು ಬದಿಗಿಟ್ಟಳು.

"ನಾ ಹೊಡದೇ ಇಲ್ರಿ ಅಕ್ಕೋರ."

ಹೊಡೆದೆ ಎಂದಿದ್ದೆಯಲ್ಲ ಎಂದೆ. ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದ್ದಿರಿ, ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು ಎಂದಳು. ನಾನು ಅವತ್ತು ಎರಡು ಸಲ ಹಾಕಿಸಿಕೊಂಡ ಗೋಳಿ ಪಲ್ಯ ಅದೇ ಹೊಲದ್ದಂತೆ. ತವರುಮನೆಯ ಮಾತು ಪೂರಾ ಸುಳ್ಳಂತೆ.

"ಆ ಹುಳ ವರ್ಷಾ ಬರ್ತದ್ರಿ. ಕುಡಿ ತಿಂದು ಹೋಗ್ತದ, ಗಿಡ ಬಾಜೂಕ ಟೊಂಗಿ ಒಡಿತದ. ನಮ್ಮತ್ತಿ ಅದಕ್ಕ ಕುಡಿ ಚೂಟೋ ಹುಳ ಅಂತಿದ್ಲು."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಇವಳು ಅವತ್ತೇ ಬಾಯಿ ಬಿಟ್ಟಿದ್ದರೆ ಉಳಿದ ಮನೆಯವರ ಹೊಲಗಳೂ ಉಳಿಯುತ್ತಿದ್ದವು, ನನ್ನ ನಿದ್ದೆಯೂ ಉಳಿಯುತ್ತಿತ್ತು. ಹಾಗೇ ಕೇಳಿಯೇಬಿಟ್ಟೆ, ಅವತ್ತೇ ಯಾಕೆ ಹೇಳಲಿಲ್ಲ ಎಂದು.

"ಎಣ್ಣಿ ಹೊಡದಿಯೇನು ಅಂತ ಕೇಳಿದ್ರಿ. ಈ ಹುಳ ನಿನಗ ಗೊತ್ತದೇನು ಅಂತ ಕೇಳಿಲ್ರಿ."

ಅವಳ ಮಾತಿನಲ್ಲಿ ದೂರಿರಲಿಲ್ಲ. ನನಗೆ ಕೂತಲ್ಲೇ ರಿಜಿಸ್ಟರಿನ ಕೊನೆಯ ಕಾಲಂ ಕಣ್ಣಿಗೆ ಬಂತು. ಪುಟದಿಂದ ಪುಟಕ್ಕೆ ನಾನೇ ಎಳೆದ ಅಡ್ಡಗೆರೆಗಳು.

ಆದ್ದರಿಂದ ಹುಡುಗಿ, ಬಾಟಲಿ ತೊಳೆದಾದ ಮೇಲೆ ಕ್ರಿಟಿಕಾದ ಪುಟ ತೆಗೆ. ಕೊನೆಯ ಕಾಲಮಿನಲ್ಲಿ ನನ್ನ ಅಡ್ಡಗೆರೆ ಇದೆ. ಅದನ್ನು ಹೊಡೆದುಹಾಕಿ, ಕುಡಿ ಚೂಟೋ ಹುಳ ಎಂದು ಬರೆ. ಹೇಳಿದವರು ಭೀಮವ್ವನ ಅತ್ತೆ. ಆಕೆಯ ಹೆಸರು ಕೇಳುವುದನ್ನು ಅವತ್ತೂ ಮರೆತು ಬಂದಿದ್ದೇನೆ. ಮುಂದಿನ ವಾರ ನನ್ನ ಜೊತೆ ತಾಂಡೂರಿಗೆ ಬಾ, ಕೇಳಿಕೊಂಡು ಬರೋಣ.